ಮಾವನ ಹೃದಯಕ್ಕೆ ಸ್ಟೆಮ್ ಸೆಲ್ ಚಿಕಿತ್ಸೆ: ಐದೂವರೆ ಲಕ್ಷ ಕೇಳುತ್ತಿದ್ದಾರೆ, ಕೊಡಬೇಕೇ?

ಡೊಂಬಿವಲಿ ಸೊಸೆ

ಎಲ್ಲರಿಗೂ ನಮಸ್ಕಾರ. ನನ್ನ ಮಾವನಿಗೆ 63 ವರ್ಷ, ಘಾಟ್ಕೋಪರಿನಲ್ಲಿ ಸಣ್ಣ ಹೋಟೆಲು ನಡೆಸುತ್ತಿದ್ದವರು. ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಎದೆ ಹಿಂಡಿದಂತಾದಾಗ ಗ್ಯಾಸ್ ಎಂದುಕೊಂಡು ಜೀರಿಗೆ ಕಷಾಯ ಕುಡಿದು ಮಲಗಿದರು. ಬೆಳಗಾದಾಗ ಹಳಿಗಳ ಮೇಲೆ ನೀರು, ಲೋಕಲ್ ಬಂದ್, ರಸ್ತೆ ಜಾಮ್. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ಸ್ಟೆಂಟ್ ಹಾಕಿ ಜೀವ ಉಳಿಸಿದರು. ಆದರೆ ಹೃದಯದ ಮುಂಭಾಗದ ಸ್ನಾಯು ಬಹಳಷ್ಟು ಹೋಗಿದೆ, ಹೃದಯ ರಕ್ತ ತಳ್ಳುವ ಶಕ್ತಿಯ ಅಳತೆಯಾದ ಇಎಫ್ 28 ಇದೆ ಎಂದರು. ಈಗ ಡೊಂಬಿವಲಿ ಸ್ಟೇಷನ್ನಿನ ಸೇತುವೆ ಹತ್ತುವಾಗ ಎರಡು ಕಡೆ ನಿಂತು ಉಸಿರು ತೆಗೆದುಕೊಳ್ಳುತ್ತಾರೆ.

ಯಾರೋ ಪರಿಚಯದವರ ಮಾತು ಕೇಳಿ ಭಾವ ಅವರನ್ನು ಒಂದು ಸ್ಟೆಮ್ ಸೆಲ್ (ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ) ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದರು. ಮೂರು ಸಲ ಕೈಗೆ ಡ್ರಿಪ್ ಹಾಕುತ್ತಾರಂತೆ, ಸತ್ತ ಸ್ನಾಯು ಮತ್ತೆ ಬೆಳೆಯುತ್ತದಂತೆ. ಒಟ್ಟು ಐದೂವರೆ ಲಕ್ಷ. ಕಾರ್ಕಳದ ಹತ್ತಿರ ಇರುವ ಜಾಗವನ್ನು ಮಾರೋಣ ಎಂದು ಭಾವ ಹೊರಟಿದ್ದಾರೆ. ನನ್ನ ಗಂಡನಿಗೆ ಮನಸ್ಸಿಲ್ಲ, ಆದರೆ ಅಣ್ಣನ ಎದುರು ಬಾಯಿ ಬಿಡುವವರಲ್ಲ. ಅತ್ತೆ ಮಾತ್ರ ನನ್ನನ್ನು ಕರೆದು, ನೀನು ಓದಿದವಳು, ಸ್ವಲ್ಪ ವಿಚಾರಿಸು ಎಂದರು. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಇದು ನಿಜವಾದ ಚಿಕಿತ್ಸೆಯೇ?

ಮೀರಾ ರೋಡ್ ವಾಸಿ

ಅಕ್ಕ, ಉಳಿದವರು ಹೆದರಿಸುವ ಮೊದಲು ನನ್ನ ಅನುಭವ ಹೇಳಿಬಿಡುತ್ತೇನೆ. ನನ್ನ ತಂದೆಗೆ ಕೆಲವು ವರ್ಷಗಳ ಹಿಂದೆ ದೊಡ್ಡ ಹೃದಯಾಘಾತವಾಯಿತು. ಇಎಫ್ 25. ಸ್ಟೆಂಟ್ ಹಾಕಿದ ಕೆಲವೇ ವಾರಗಳಲ್ಲಿ ಸೊಂಟದ ಮೂಳೆಯಿಂದ ಮಜ್ಜೆ ತೆಗೆದು, ಅದರ ಕೋಶಗಳನ್ನು ಬೇರ್ಪಡಿಸಿ, ಕ್ಯಾಥೆಟರ್ ಮೂಲಕ ಹೃದಯದ ರಕ್ತನಾಳಕ್ಕೆ ಬಿಟ್ಟರು. ದುಡ್ಡು ಕೊಟ್ಟೇ ಮಾಡಿಸಿದೆವು. ಆರು ತಿಂಗಳಲ್ಲಿ ಇಎಫ್ 38ಕ್ಕೆ ಬಂತು. ಇವತ್ತಿಗೂ ಭಾಯಂದರ್ ಖಾಡಿಯ ಕಡೆ ದಿನಾ ನಡೆದುಕೊಂಡು ಹೋಗಿ ಬರುತ್ತಾರೆ. ಕಣ್ಣೆದುರು ಇರುವುದನ್ನು ಇಲ್ಲವೆನ್ನಲು ನನಗೆ ಆಗುವುದಿಲ್ಲ. ವಿಜ್ಞಾನಿಗಳು ಹತ್ತು ವರ್ಷ ಕಾದು ನೋಡೋಣ ಎನ್ನುತ್ತಾರೆ. ಕಾಯಲು ರೋಗಿಯ ಹತ್ತಿರ ಹತ್ತು ವರ್ಷ ಇರಬೇಕಲ್ಲ?

ಎಕೋ ಕೋಣೆ, ಠಾಣೆ

ನಾನು ಎಕೋ ತಂತ್ರಜ್ಞ, ಅಂದರೆ ಶಬ್ದತರಂಗದಿಂದ ಹೃದಯದ ಚಿತ್ರ ತೆಗೆಯುವವನು. ದಿನವಿಡೀ ಕತ್ತಲೆ ಕೋಣೆಯಲ್ಲಿ ಜನರ ಎದೆಗೆ ಜೆಲ್ ಹಚ್ಚುವುದೇ ನನ್ನ ಉದ್ಯೋಗ. ಹಾಗಾಗಿ ಈ ಇಎಫ್ ಎಂಬ ಅಂಕಿಯ ಬಗ್ಗೆ ನನಗೆ ಸ್ವಲ್ಪ ಅಧಿಕಾರವಿದೆ ಎಂದುಕೊಳ್ಳುತ್ತೇನೆ.

ಎಡ ಹೃತ್ಕುಕ್ಷಿಯಲ್ಲಿ ತುಂಬಿದ ರಕ್ತದಲ್ಲಿ ಶೇಕಡಾ ಎಷ್ಟನ್ನು ಒಂದು ಬಡಿತದಲ್ಲಿ ಹೊರಗೆ ತಳ್ಳುತ್ತದೆ ಎಂಬುದೇ ಇಎಫ್. ಆರೋಗ್ಯವಂತರಲ್ಲಿ ಸುಮಾರು 55ರಿಂದ 70. ಇದನ್ನು ಯಂತ್ರ ತಾನಾಗಿ ಹೇಳುತ್ತದೆ ಎಂದು ಜನ ನಂಬಿದ್ದಾರೆ. ಹೃದಯ ಪೂರ್ತಿ ಹಿಗ್ಗಿದ ಕ್ಷಣದಲ್ಲಿ ಚಿತ್ರವನ್ನು ನಿಲ್ಲಿಸಿ ಒಳಗೋಡೆಯ ಗುಂಟ ನಾನು ಗೆರೆ ಎಳೆಯುತ್ತೇನೆ. ಪೂರ್ತಿ ಕುಗ್ಗಿದಾಗ ಮತ್ತೊಂದು ಗೆರೆ. ಎರಡರ ವ್ಯತ್ಯಾಸದಿಂದ ಲೆಕ್ಕ ಬರುತ್ತದೆ. ರೋಗಿ ದಪ್ಪವಿದ್ದರೆ, ಬೀಡಿ ಸೇದಿ ಶ್ವಾಸಕೋಶ ಉಬ್ಬಿದ್ದರೆ, ಹೃದಯದ ತುದಿಯ ಗೋಡೆ ಮಸುಕಾಗಿಯೇ ಕಾಣುವುದು. ಅಲ್ಲಿ ಗೆರೆ ಊಹೆಯ ಮೇಲೆ ಹೋಗುತ್ತದೆ. ಒಂದೇ ರೋಗಿಯನ್ನು ಒಂದೇ ಮಧ್ಯಾಹ್ನ ಇಬ್ಬರು ನೋಡಿದರೆ ಒಬ್ಬರಿಗೆ 28, ಇನ್ನೊಬ್ಬರಿಗೆ 33 ಬರುವುದು ನಮ್ಮಲ್ಲಿ ಸುದ್ದಿಯೇ ಅಲ್ಲ. ಹೊಸ ಇಂಜೆಕ್ಷನ್ ಕೊಟ್ಟಿದ್ದಾರೆ ಎಂದು ಗೆರೆ ಎಳೆಯುವವನಿಗೆ ಮೊದಲೇ ಗೊತ್ತಿದ್ದರೆ ಕೈ ಯಾವ ಕಡೆ ವಾಲುತ್ತದೆ ಎಂದು ಹೇಳಬೇಕಿಲ್ಲ.

ಮೀರಾ ರೋಡಿನವರೇ, ನಿಮ್ಮ ತಂದೆ ಚೇತರಿಸಿಕೊಂಡದ್ದು ಸಂತೋಷ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಹೃದಯಾಘಾತದ ನಂತರ ಸತ್ತ ಸ್ನಾಯುವಿನ ಸುತ್ತ ಬದುಕಿದ್ದೂ ಕೆಲಸ ನಿಲ್ಲಿಸಿದ ಸ್ನಾಯು ಬೇಕಾದಷ್ಟಿರುತ್ತದೆ. ಸ್ಟೆಂಟ್ ಹಾಕಿ ರಕ್ತ ಹರಿದ ಮೇಲೆ ಅದು ವಾರಗಳಲ್ಲಿ, ತಿಂಗಳುಗಳಲ್ಲಿ ತಾನಾಗಿ ಎಚ್ಚರಗೊಳ್ಳುತ್ತದೆ. ಮೇಲೆ ಮಾತ್ರೆಗಳ ಕೆಲಸವೂ ಸೇರುತ್ತದೆ. ಲಯ ತಪ್ಪಿದ ಹೃದಯಕ್ಕೆ ಶಾಕ್ ಕೊಟ್ಟು ಸರಿಪಡಿಸುವ ಐಸಿಡಿ ಎಂಬ ಉಪಕರಣವನ್ನು ಎದೆಯಲ್ಲಿ ಕೂರಿಸಬೇಕೇ ಬೇಡವೇ ಎಂದು ತೀರ್ಮಾನಿಸುವ ಮುನ್ನ ವೈದ್ಯರು ಸಾಮಾನ್ಯವಾಗಿ ಮೂರು ತಿಂಗಳು ಕಾಯುವುದೇ ಇದಕ್ಕೆ. ಯಾವ ಮಜ್ಜೆಯನ್ನೂ ಮುಟ್ಟದೆ 25ರಿಂದ 38ಕ್ಕೆ ಬಂದವರನ್ನು ನಾನೇ ನೋಡಿದ್ದೇನೆ. ನಿಮ್ಮ ತಂದೆಯ ವಿಷಯದಲ್ಲಿ ಯಾವುದರಿಂದ ಎಷ್ಟು ಎಂದು ನನಗೂ ಹೇಳಲಾಗದು, ನಿಮಗೂ ಹೇಳಲಾಗದು.

ಡೊಂಬಿವಲಿಯವರಿಗೆ ಒಂದು ಪ್ರಶ್ನೆ: ಈ 28 ಯಾವಾಗ ಅಳೆದದ್ದು?

ಡೊಂಬಿವಲಿ ಸೊಸೆ

ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಅಳೆದದ್ದು. ಆಮೇಲೆ ಮಾಡಿಸಿಲ್ಲ. ಕ್ಲಿನಿಕ್ಕಿನವರೂ ಹಳೆಯ ವರದಿಯನ್ನೇ ನೋಡಿ ದರ ಹೇಳಿದರು.

ಎಕೋ ಕೋಣೆ, ಠಾಣೆ

ಹಾಗಾದರೆ ಮೊದಲು ಹೊಸ ಎಕೋ. ಜಾಗದ ಮಾತು ಆಮೇಲೆ.

ಪಾಷಾಣ್ ಪ್ರಯೋಗಶಾಲೆ, ಪುಣೆ

ನಾನು ಸ್ಟೆಮ್ ಸೆಲ್‌ಗಳ ಮೇಲೆಯೇ ಕೆಲಸ ಮಾಡುವವನು, ಆದ್ದರಿಂದ ಈ ವಿದ್ಯೆಯ ಮೇಲೆ ನನಗೆ ದ್ವೇಷವಿಲ್ಲ, ಹೊಟ್ಟೆಪಾಡು ಅದರಲ್ಲೇ ಇದೆ. ಸಿಟ್ಟು ಇರುವುದು ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ಸರಕನ್ನು ಮಾರುವವರ ಮೇಲೆ.

ಮೊದಲು ಕೈಗೆ ಹಾಕುವ ಡ್ರಿಪ್ ಬಗ್ಗೆ. ಇಂಥ ಕಡೆ ಸಾಮಾನ್ಯವಾಗಿ ಕೊಡುವುದು ಹೊಕ್ಕುಳಬಳ್ಳಿಯಿಂದಲೋ ಕೊಬ್ಬಿನಿಂದಲೋ ಮಜ್ಜೆಯಿಂದಲೋ ತೆಗೆದ ಮೆಸೆಂಕೈಮಲ್ ಕೋಶಗಳನ್ನು, ಅಂದರೆ ಮೂಳೆ, ಕೊಬ್ಬು ಇಂಥವಾಗಬಲ್ಲ ಒಂದು ಬಗೆಯ ಮೂಲಕೋಶಗಳನ್ನು. ತೋಳಿನ ಸಿರೆಗೆ ಬಿಟ್ಟದ್ದು ಹೃದಯದ ಬಲಭಾಗವನ್ನು ಹಾದು ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಈ ಕೋಶಗಳು ಗಾತ್ರದಲ್ಲಿ ದೊಡ್ಡವು, ಅಲ್ಲಿನ ಲೋಮನಾಳಗಳು ಕಿರಿದು. ಹೆಚ್ಚಿನವು ಅಲ್ಲೇ ಸಿಕ್ಕಿಬಿದ್ದು ಸ್ವಲ್ಪ ದಿನಗಳಲ್ಲಿ ನಾಶವಾಗುತ್ತವೆ. ಹೃದಯದ ಸತ್ತ ಗೋಡೆಯನ್ನು ಹುಡುಕಿಕೊಂಡು ಹೋಗಿ ಅಲ್ಲಿ ಸ್ನಾಯುವಾಗಿ ಬೆಳೆಯುತ್ತವೆ ಎಂಬುದು ಕರಪತ್ರದ ಮಾತು. ಮೆಸೆಂಕೈಮಲ್ ಕೋಶ ಮಿಡಿಯುವ ಹೃದಯಸ್ನಾಯುವಾಗುವುದೂ ಇಲ್ಲ.

ಎರಡನೆಯದು ಮೀರಾ ರೋಡಿನವರು ಹೇಳಿದ ಮಜ್ಜೆಯ ಕಥೆ. ಇದು ಮೋಸದಿಂದ ಹುಟ್ಟಿದ್ದಲ್ಲ, ಪ್ರಾಮಾಣಿಕ ಆಸೆಯಿಂದ ಹುಟ್ಟಿತು. 2001ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಪ್ರಬಂಧ ಬಂತು: ಇಲಿಯ ಗಾಯಗೊಂಡ ಹೃದಯಕ್ಕೆ ಮಜ್ಜೆಯ ಕೋಶ ಚುಚ್ಚಿದರೆ ಹೊಸ ಸ್ನಾಯು ಬೆಳೆಯುತ್ತದೆ ಎಂದು. ಪಿಯೆರೋ ಅನ್ವೆರ್ಸಾ ಎಂಬ ವಿಜ್ಞಾನಿಯ ತಂಡ ಅದರ ಹಿಂದಿತ್ತು. ಪ್ರಪಂಚದ ತುಂಬ ಆಸ್ಪತ್ರೆಗಳು ರೋಗಿಗಳ ಮೇಲೆ ಪ್ರಯೋಗಕ್ಕೆ ಇಳಿದವು. 2004ರಲ್ಲಿ ಅದೇ ಪತ್ರಿಕೆಯಲ್ಲಿ ಬೇರೆ ಎರಡು ತಂಡಗಳು, ನಾವೂ ಮಾಡಿ ನೋಡಿದೆವು, ಮಜ್ಜೆಯ ಕೋಶ ಹೃದಯಸ್ನಾಯುವಾಗುವುದಿಲ್ಲ ಎಂದು ಬರೆದವು. ಅಷ್ಟರಲ್ಲಿ ಓಟ ಶುರುವಾಗಿತ್ತು, ನಿಲ್ಲಿಸುವವರಿರಲಿಲ್ಲ. ಹೃದಯದಲ್ಲೇ ಸ್ಟೆಮ್ ಸೆಲ್ ಇದೆ ಎಂದು ಅನ್ವೆರ್ಸಾ ಮುಂದೆ ಹೇಳಿದರು. ಕೊನೆಗೆ 2018ರಲ್ಲಿ ಅವರ ಪ್ರಯೋಗಾಲಯದ 31 ಪ್ರಬಂಧಗಳನ್ನು ಹಿಂಪಡೆಯಬೇಕೆಂದು ಹಾರ್ವರ್ಡ್ ವೈದ್ಯಕೀಯ ಶಾಲೆ ಮತ್ತು ಅದರ ಆಸ್ಪತ್ರೆಯೇ ಹೇಳಬೇಕಾಯಿತು, ದತ್ತಾಂಶಗಳನ್ನು ತಿರುಚಲಾಗಿತ್ತು.

ಮನುಷ್ಯರ ಮೇಲಿನ ಪ್ರಯೋಗಗಳಲ್ಲಿ ಏನಾಯಿತು? ಸಣ್ಣ ಸಣ್ಣ ಪ್ರಯೋಗಗಳಲ್ಲಿ ಇಎಫ್ ಮೂರೋ ನಾಲ್ಕೋ ಏರಿತು ಎಂದರು. 2014ರಲ್ಲಿ ಲಂಡನ್ನಿನ ಒಂದು ತಂಡ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಸ್ವಾರಸ್ಯದ ಕೆಲಸ ಮಾಡಿತು. ಮಜ್ಜೆಯ 49 ಪ್ರಯೋಗಗಳ ವರದಿಗಳನ್ನು ಕೂರಿಸಿಕೊಂಡು ಲೆಕ್ಕದ ತಪ್ಪುಗಳನ್ನು ಎಣಿಸಿತು: ಒಂದು ಕೋಷ್ಟಕದಲ್ಲಿ ಸತ್ತವನು ಇನ್ನೊಂದರಲ್ಲಿ ಬದುಕಿರುವುದು, ಕೂಡಿಸಿದರೆ ಒಟ್ಟು ಸರಿಹೋಗದ ಅಂಕಿಗಳು, ಇಂಥವು. ತಪ್ಪುಗಳು ಹೆಚ್ಚಿದಷ್ಟೂ ಇಎಫ್ ಏರಿಕೆ ಹೆಚ್ಚಾಗಿತ್ತು. ಒಂದೂ ತಪ್ಪಿಲ್ಲದ ಐದು ಪ್ರಯೋಗಗಳಲ್ಲಿ ಏರಿಕೆ ಸೊನ್ನೆಯ ಆಸುಪಾಸು. ನಾನು ಹೊಸ ವಿದ್ಯಾರ್ಥಿಗಳಿಗೆ ಮೊದಲ ವಾರ ಓದಿಸುವುದು ಇದನ್ನೇ.

ಹಾಗಾದರೆ ಸಾವನ್ನು ತಡೆಯುತ್ತದೆಯೇ ಎಂದು ನೇರವಾಗಿ ಕೇಳೋಣ ಎಂದು ಯುರೋಪಿನಲ್ಲಿ ಬಾಮಿ ಎಂಬ ದೊಡ್ಡ ಪ್ರಯೋಗ ಹೊರಟಿತು. 3,000 ರೋಗಿಗಳು ಬೇಕಿತ್ತು, ಸೇರಿದವರು 375. ಯಾವ ತೀರ್ಮಾನವನ್ನೂ ಕೊಡಲಾಗದೆ 2020ರಲ್ಲಿ ಫಲಿತಾಂಶ ಪ್ರಕಟವಾಯಿತು. ಅದೇ ವರ್ಷ ಅಮೆರಿಕದ ಜೆಫ್ರಿ ಮೊಲ್ಕೆಂಟಿನ್ ತಂಡದ ಇಲಿ ಪ್ರಯೋಗ ನೇಚರ್‌ನಲ್ಲಿ ಬಂತು. ಜೀವಂತ ಕೋಶ ಚುಚ್ಚಿದರೂ, ಹೆಪ್ಪುಗಟ್ಟಿಸಿ ಕೊಂದ ಕೋಶ ಚುಚ್ಚಿದರೂ, ಕೋಶವೇ ಅಲ್ಲದ ಒಂದು ರಾಸಾಯನಿಕ ಚುಚ್ಚಿದರೂ ಹೃದಯಕ್ಕೆ ಆದ ಅಲ್ಪಸ್ವಲ್ಪ ಉಪಕಾರ ಒಂದೇ ಆಗಿತ್ತು. ಚುಚ್ಚಿದ ಗಾಯಕ್ಕೆ ದೇಹದ ರೋಗನಿರೋಧಕ ವ್ಯವಸ್ಥೆ ಓಡಿ ಬಂದು ಗಾಯದ ಕಲೆಯನ್ನು ಸ್ವಲ್ಪ ಗಟ್ಟಿಮಾಡಿತು, ಅಷ್ಟೇ.

ಮೀರಾ ರೋಡ್ ವಾಸಿ

ಇಲಿಯ ಮಾತು ಬಿಡಿ. ಮನುಷ್ಯರಲ್ಲಿ ಎಲ್ಲವೂ ಸೊನ್ನೆ ಎಂದು ಬರೆದು ಕೊಡುತ್ತೀರಾ?

ಪಾಷಾಣ್ ಪ್ರಯೋಗಶಾಲೆ, ಪುಣೆ

ಇಲ್ಲ, ಬರೆದು ಕೊಡುವುದಿಲ್ಲ. 2023ರಲ್ಲಿ ಡ್ರೀಮ್-ಎಚ್‌ಎಫ್ ಎಂಬ ಪ್ರಯೋಗದ ಫಲಿತಾಂಶ ಬಂತು. 537 ಹೃದಯ ವೈಫಲ್ಯದ ರೋಗಿಗಳು. ಅರ್ಧದಷ್ಟು ಜನರಿಗೆ ದಾನಿಗಳ ಮಜ್ಜೆಯ ಕೋಶಗಳನ್ನು ನೇರ ಹೃದಯದ ಗೋಡೆಗೇ ಚುಚ್ಚಿದರು, ಉಳಿದವರಿಗೆ ಚುಚ್ಚಿದಂತೆ ನಟನೆ ಮಾತ್ರ. ಆಸ್ಪತ್ರೆಗೆ ಮರಳಿ ಸೇರುವುದು ಕಡಿಮೆಯಾಗುತ್ತದೆ ಎಂಬುದು ಮುಖ್ಯ ಗುರಿಯಾಗಿತ್ತು, ಅದು ಈಡೇರಲಿಲ್ಲ. ಆದರೆ ಹೃದಯಾಘಾತ ಮತ್ತು ಪಾರ್ಶ್ವವಾಯು, ವಿಶೇಷವಾಗಿ ರಕ್ತದಲ್ಲಿ ಉರಿಯೂತದ ಸೂಚನೆ ಇದ್ದವರಲ್ಲಿ, ಕಡಿಮೆಯಾದವು. ಇದನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಆದರೆ ಅಲ್ಲಿ ಯಾರೂ ಸ್ನಾಯು ಮತ್ತೆ ಬೆಳೆಯಿತು ಎನ್ನಲಿಲ್ಲ, ರೋಗಿಗೆ ಬಿಲ್ಲು ಕೊಡಲೂ ಇಲ್ಲ.

ಪಾಲಿಸಿ ಪುರಾಣ, ಮುಲುಂಡ್

ಬಿಲ್ಲಿನ ಮಾತು ಬಂತು, ನಾನು ಬಂದೆ. ವಿಮೆಯ ಕೆಲಸದವನು. ವಿಮಾ ಪ್ರಾಧಿಕಾರ 2019ರಲ್ಲಿ ಹೊಸ ಬಗೆಯ 12 ಚಿಕಿತ್ಸೆಗಳ ಪಟ್ಟಿ ಮಾಡಿ, ಇವುಗಳನ್ನು ಪಾಲಿಸಿಯಿಂದ ಹೊರಗಿಡಬಾರದು ಎಂದಿತು. ಅದರಲ್ಲಿ ಸ್ಟೆಮ್ ಸೆಲ್ ಎಂಬ ಹೆಸರು ಇದೆ. ಎಷ್ಟೋ ಕ್ಲಿನಿಕ್ಕುಗಳು ಆ ಸಾಲನ್ನು ತೋರಿಸಿಯೇ ವಿಮೆ ಸಿಗುತ್ತದೆ ಎನ್ನುತ್ತವೆ. ಸಾಲನ್ನು ಪೂರ್ತಿ ಓದಬೇಕು: ರಕ್ತಸಂಬಂಧಿ ರೋಗಗಳಿಗೆ ಮಾಡುವ ಮೂಳೆಮಜ್ಜೆ ಕಸಿಗೆ ಮಾತ್ರ. ಹೃದಯಕ್ಕೆ ಡ್ರಿಪ್ ಹಾಕಿಸಿಕೊಂಡು ಕ್ಲೇಮು ಹಾಕಿದರೆ ಪ್ರಾಯೋಗಿಕ ಚಿಕಿತ್ಸೆ ಎಂದು ವಾಪಸು ಬರುತ್ತದೆ. ನನ್ನ ಮೇಜಿನ ಮೇಲೆ ಬಂದ ಒಂದು ಬಿಲ್ಲಿನಲ್ಲಿ ಸ್ಟೆಮ್ ಸೆಲ್ ಎಂಬ ಮಾತೇ ಇರಲಿಲ್ಲ. 'ವಿಶೇಷ ಪೋಷಕ ದ್ರಾವಣ' ಎಂದು ಬರೆದಿದ್ದರು. ಕೊಟ್ಟವರಿಗೇ ಹೆಸರು ಹೇಳಲು ಧೈರ್ಯವಿಲ್ಲದ ಔಷಧಕ್ಕೆ ಜಾಗ ಮಾರಬೇಡಿ.

ಹಡಪ್ಸರ್ ಅಮ್ಮ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಮಗುವಿನ ಹೊಕ್ಕುಳಬಳ್ಳಿಯ ರಕ್ತವನ್ನು ಖಾಸಗಿ ಬ್ಯಾಂಕಿನಲ್ಲಿ ಇಡಲು ಹೇಳುತ್ತಿದ್ದಾರೆ. ಮುಂದೆ ಅಜ್ಜನ ಹೃದಯಕ್ಕೂ ಆಗುತ್ತದಂತೆ. ಹೌದೇ?

ಪಾಷಾಣ್ ಪ್ರಯೋಗಶಾಲೆ, ಪುಣೆ

ಆ ರಕ್ತದಲ್ಲಿ ಇರುವುದು ಮುಖ್ಯವಾಗಿ ರಕ್ತವನ್ನು ಉತ್ಪಾದಿಸುವ ಕೋಶಗಳು. ಅಜ್ಜನ ಹೃದಯಕ್ಕೆ ಅದರಿಂದ ಏನೂ ಆಗದು. ಮನೆಯಲ್ಲಿ ಈಗಾಗಲೇ ಒಬ್ಬರಿಗೆ ರಕ್ತದ ಕಾಯಿಲೆ ಇದ್ದು ಕಸಿ ಬೇಕಾಗಬಹುದು ಎಂದಿದ್ದರೆ ಮಾತು ಬೇರೆ. ಇಲ್ಲದಿದ್ದರೆ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್ ಖಾಸಗಿ ಸಂಗ್ರಹವನ್ನು ಪ್ರೋತ್ಸಾಹಿಸುವುದಿಲ್ಲ, ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯೂ 2018ರಲ್ಲಿ ಅದನ್ನೇ ಹೇಳಿತು.

ಬಾಂಬೋಲಿ ಪಾಳಿ, ಗೋವಾ

ಕಾರವಾರದವಳು, ಇಲ್ಲಿ ಹೃದ್ರೋಗ ವಿಭಾಗದಲ್ಲಿ ದಾದಿ. ಇಷ್ಟು ಹೊತ್ತು ಎಲ್ಲರೂ ಬರದೇ ಇರುವ ಔಷಧದ ಬಗ್ಗೆ ಮಾತಾಡಿದಿರಿ. ಇರುವ ಔಷಧದ ಬಗ್ಗೆ ಒಬ್ಬರೂ ಕೇಳಲಿಲ್ಲ. ಡೊಂಬಿವಲಿ ತಂಗಿ, ಮಾವನವರ ಮಾತ್ರೆ ಚೀಟಿಯನ್ನು ಹಾಗೆಯೇ ಇಲ್ಲಿ ಬರೆಯಿರಿ.

ಡೊಂಬಿವಲಿ ಸೊಸೆ

ಆಸ್ಪಿರಿನ್, ಕ್ಲೋಪಿಡೊಗ್ರೆಲ್, ಕೊಲೆಸ್ಟರಾಲ್ ಮಾತ್ರೆ, ಮೆಟೊಪ್ರೊಲಾಲ್ 25, ಸ್ಪೈರನೊಲ್ಯಾಕ್ಟೋನ್ 25. ಸ್ಯಾಕುಬಿಟ್ರಿಲ್-ವಾಲ್ಸಾರ್ಟಾನ್ 50 ದಿನಕ್ಕೆ ಎರಡು ಎಂದು ಇದೆ, ಆದರೆ ತಲೆ ಸುತ್ತುತ್ತದೆ ಎಂದು ಮಾವ ತಾವೇ ನಿಲ್ಲಿಸಿದ್ದಾರೆ. ಅದೂ ಈಗ ಚೀಟಿ ತೆಗೆದು ಅತ್ತೆಯನ್ನು ಕೇಳಿದಾಗಲೇ ಗೊತ್ತಾಯಿತು.

ಬಾಂಬೋಲಿ ಪಾಳಿ, ಗೋವಾ

ನೋಡಿದಿರಾ! ಐದೂವರೆ ಲಕ್ಷದ ಚರ್ಚೆ ನಡೆಯುತ್ತಿರುವ ಮನೆಯಲ್ಲಿ ಮುಖ್ಯ ಮಾತ್ರೆ ಡಬ್ಬಿಯಲ್ಲೇ ಕುಳಿತಿದೆ.

ಹೃದಯ ದುರ್ಬಲವಾದವರಿಗೆ ಇಂದು ನಾಲ್ಕು ಬಗೆಯ ಮಾತ್ರೆಗಳಿವೆ. ಒಂದು ಈ ಸ್ಯಾಕುಬಿಟ್ರಿಲ್-ವಾಲ್ಸಾರ್ಟಾನ್. ಇನ್ನೊಂದು ಮೆಟೊಪ್ರೊಲಾಲ್, ಬಿಸೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್. ಮೂರನೆಯದು ಸ್ಪೈರನೊಲ್ಯಾಕ್ಟೋನ್ ಅಥವಾ ಎಪ್ಲೆರಿನೋನ್. ನಾಲ್ಕನೆಯದು ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್. ಇದು ನಿಮ್ಮ ಚೀಟಿಯಲ್ಲೇ ಇಲ್ಲ. ಅವರಿಗೆ ಸಕ್ಕರೆ ಕಾಯಿಲೆ ಇಲ್ಲವೆಂದು ಬಿಟ್ಟಿರಬಹುದು, ಆದರೆ ಸಕ್ಕರೆ ಇಲ್ಲದ ಹೃದ್ರೋಗಿಗಳಿಗೂ ಇದು ಉಪಯೋಗ ಎಂದು 2019ರ ದೊಡ್ಡ ಪ್ರಯೋಗದಲ್ಲೇ ತೋರಿತು: ಹೃದಯ ವೈಫಲ್ಯ ಉಲ್ಬಣಿಸುವುದು ಮತ್ತು ಹೃದಯದ ಕಾರಣದ ಸಾವು ಎರಡೂ ಸೇರಿ ಸುಮಾರು ಕಾಲು ಭಾಗ ಇಳಿದವು. ಸ್ಯಾಕುಬಿಟ್ರಿಲ್-ವಾಲ್ಸಾರ್ಟಾನ್ ಹಳೆಯ ಎನಾಲಾಪ್ರಿಲ್ ಮಾತ್ರೆಗಿಂತ ಹೃದಯದ ಕಾರಣದ ಸಾವು ಮತ್ತು ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರುವುದನ್ನು ಐದರಲ್ಲೊಂದು ಭಾಗ ಇಳಿಸುತ್ತದೆ ಎಂದು 2014ರಲ್ಲೇ ಬಂದಿದೆ. ಮೊದಲು ದುಬಾರಿಯಾಗಿದ್ದವು, ನಿಜ. ಡಾಪಾಗ್ಲಿಫ್ಲೋಜಿನ್ ಪೇಟೆಂಟ್ ಭಾರತದಲ್ಲಿ 2020ರಲ್ಲಿ ಮುಗಿಯಿತು, ಸ್ಯಾಕುಬಿಟ್ರಿಲ್‌ದು 2023ರಲ್ಲಿ, ಎಂಪಾಗ್ಲಿಫ್ಲೋಜಿನ್‌ದು 2025ರಲ್ಲಿ. ಈಗ ಹತ್ತಾರು ಕಂಪನಿಗಳು ಮಾಡುತ್ತವೆ, ಬೆಲೆ ಬಿದ್ದಿದೆ.

ತಲೆ ಸುತ್ತಿದರೆ ನಿಲ್ಲಿಸುವುದಲ್ಲ, ವೈದ್ಯರಿಗೆ ಹೇಳುವುದು. ಬಿ.ಪಿ. ನೋಡಿ, ರಕ್ತದಲ್ಲಿ ಪೊಟ್ಯಾಸಿಯಂ ಮತ್ತು ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ನೋಡಿ, ಬೇರೆ ಮಾತ್ರೆಯ ಹೊತ್ತು ಬದಲಿಸಿ, ಕಡಿಮೆ ಪ್ರಮಾಣದಿಂದ ಎರಡೆರಡು ವಾರಕ್ಕೊಮ್ಮೆ ಮೇಲೇರಿಸುತ್ತಾರೆ. ಮೆಟೊಪ್ರೊಲಾಲ್ 25 ಎಂಬುದು ಶುರುವಿನ ಮೆಟ್ಟಿಲು, ಅಲ್ಲೇ ತಿಂಗಳುಗಟ್ಟಲೆ ನಿಂತಿದ್ದೀರಿ. ಇದೆಲ್ಲ ಆಗಲು ಒಪಿಡಿಗೆ ನಾಲ್ಕಾರು ಸಲ ಅಲೆಯಬೇಕು, ಸಾಲಿನಲ್ಲಿ ಕೂರಬೇಕು. ಡ್ರಿಪ್ ಹಾಕುವ ಕಡೆ ಎಸಿ ಇರುತ್ತದೆ, ಹೆಸರು ಹಿಡಿದು ಮಾತಾಡಿಸುತ್ತಾರೆ. ಜನ ಎಲ್ಲಿಗೆ ಹೋಗುತ್ತಾರೆ ಎಂದು ನನಗೆ ಅರ್ಥವಾಗುತ್ತದೆ.

ಮತ್ತೊಂದು ಮಾತು, ಇದು ಮಾವನವರಿಗೆ ತಡವಾಯಿತು, ಓದುವ ಉಳಿದವರಿಗಾಗಿ. ಇಲ್ಲಿ ಗೋವಾದಲ್ಲಿ ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಇಸಿಜಿ ತೆಗೆದು, ಅದನ್ನು ದೂರದಿಂದ ಓದಿಸಿ, ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು ನಮ್ಮಲ್ಲಿಗೆ ಕಳಿಸುವ ವ್ಯವಸ್ಥೆ ಇದೆ. ಮೊದಲ ಗಂಟೆಗಳಲ್ಲಿ ಬಂದವರ ಸ್ನಾಯು ಉಳಿಯುತ್ತದೆ. ಉಳಿದ ಸ್ನಾಯುವಿಗೆ ಯಾವ ಸ್ಟೆಮ್ ಸೆಲ್ಲೂ ಬೇಡ. ಜೀರಿಗೆ ಕಷಾಯ ಇಸಿಜಿ ಆದ ಮೇಲೆ ಕುಡಿಯಿರಿ.

ಮಾಟುಂಗದ ಹಳಬ

ಎಲ್ಲವನ್ನೂ ಅನುಮಾನದಿಂದಲೇ ನೋಡಿದರೆ ವೈದ್ಯಶಾಸ್ತ್ರ ಮುಂದೆ ಹೋಗುವುದು ಹೇಗೆ ಎಂದು ನನ್ನ ಪ್ರಶ್ನೆ. ನಮ್ಮ ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ಡಾ. ಪಿ. ಕೆ. ಸೇನ್ 1968ರ ಫೆಬ್ರವರಿಯಲ್ಲಿ ಹೃದಯ ಕಸಿ ಮಾಡಿದರು. ದಕ್ಷಿಣ ಆಫ್ರಿಕದಲ್ಲಿ ಬರ್ನಾರ್ಡ್ ಮೊದಲ ಕಸಿ ಮಾಡಿ ಮೂರು ತಿಂಗಳೂ ಆಗಿರಲಿಲ್ಲ. ಆಗ ನಾನು ಶಾಲೆಯ ಹುಡುಗ. ಕೇರಿಯ ತುಂಬ ಅದೇ ಮಾತು. ರೋಗಿ ಕೆಲವೇ ಗಂಟೆ ಬದುಕಿದ. ಆಮೇಲೆ 1994ರಲ್ಲಿ ದೆಹಲಿಯ ಏಮ್ಸ್‌ನಲ್ಲಿ ಡಾ. ವೇಣುಗೋಪಾಲ್ ಮಾಡಿದ ಕಸಿ ಫಲಿಸುವ ತನಕ ಎಷ್ಟು ವರ್ಷ ಹೋಯಿತು ನೋಡಿ. ಮೊದಲು ಕೈ ಹಾಕಿದವರನ್ನು ವಂಚಕರು ಎಂದಿದ್ದರೆ?

ಪಾಷಾಣ್ ಪ್ರಯೋಗಶಾಲೆ, ಪುಣೆ

ಹಿರಿಯರೇ, ಡಾ. ಸೇನ್ ಆ ಶಸ್ತ್ರಚಿಕಿತ್ಸೆಗೆ ಮುನ್ನ ವರ್ಷಗಟ್ಟಲೆ ನಾಯಿಗಳ ಮೇಲೆ ಅಭ್ಯಾಸ ಮಾಡಿದ್ದರು, ಸೋತಾಗ ಸೋಲು ಎಲ್ಲರಿಗೂ ಕಂಡಿತು. ನಾನು ಕೇಳುತ್ತಿರುವುದೂ ಅದನ್ನೇ: ಸೋತರೆ ಕಾಣುವಂತೆ ಮಾಡಿ. ಕ್ಲಿನಿಕ್ಕಿನಲ್ಲಿ ಡ್ರಿಪ್ ಹಾಕಿಸಿಕೊಂಡವರಲ್ಲಿ ಎಷ್ಟು ಜನ ವರ್ಷದ ನಂತರ ಇದ್ದಾರೆ ಎಂಬ ಲೆಕ್ಕವನ್ನು ಯಾರಿಗೂ ತೋರಿಸಬೇಕಿಲ್ಲ.

ಹಾಗೆ ಕಾಣುವಂತೆ ಕೆಲಸ ನಡೆಯುತ್ತಿರುವುದು ಮೂರನೆಯ ಬಗೆಯಲ್ಲಿ. ನನಗೆ ನಿಜವಾದ ಆಸೆ ಇರುವುದೂ ಅಲ್ಲಿಯೇ. ಜಪಾನಿನ ಶಿನ್ಯಾ ಯಮನಾಕಾ 2006ರಲ್ಲಿ ಇಲಿಯ, ಮರುವರ್ಷ ಮನುಷ್ಯನ ಸಾಮಾನ್ಯ ಚರ್ಮಕೋಶವನ್ನು ಹಿಂದಕ್ಕೆ ತಿರುಗಿಸಿ ಭ್ರೂಣದ ಕೋಶದಂತೆ ಮಾಡಿದರು. 2012ರಲ್ಲಿ ನೊಬೆಲ್ ಬಂತು. ಇವನ್ನು ಐಪಿಎಸ್ ಕೋಶ ಎನ್ನುತ್ತೇವೆ. ಇವುಗಳಿಗೆ ಸರಿಯಾದ ದಿನ ಸರಿಯಾದ ರಾಸಾಯನಿಕ ಕೊಟ್ಟರೆ ನಿಜವಾದ ಹೃದಯಸ್ನಾಯುವಾಗುತ್ತವೆ. ನಮ್ಮ ಪ್ರಯೋಗಾಲಯದಲ್ಲಿ ಇದನ್ನೇ ಮಾಡುತ್ತೇವೆ. ಒಂದು ವಾರ ತಟ್ಟೆಯಲ್ಲಿ ಏನೂ ಕಾಣದು, ಗುಲಾಬಿ ಬಣ್ಣದ ದ್ರವದಡಿ ಬೂದು ಪದರ, ಅಷ್ಟೇ. ಇನ್ನೂ ಒಂದೆರಡು ದಿನಕ್ಕೆ ಸೂಕ್ಷ್ಮದರ್ಶಕದಲ್ಲಿ ಒಂದು ಮೂಲೆ ಮಿಡುಕುತ್ತದೆ. ಮರುದಿನ ಅಂಥ ಹತ್ತು ಮೂಲೆಗಳು, ಒಂದೊಂದಕ್ಕೂ ತನ್ನದೇ ವೇಗ. ಆಮೇಲೆ ಪದರವೆಲ್ಲ ಕೂಡಿಕೊಂಡು ಒಟ್ಟಿಗೆ ಬಡಿಯತೊಡಗುತ್ತದೆ, ಬರಿಗಣ್ಣಿಗೂ ಕಾಣುವಷ್ಟು. ಬಿಸಿಪೆಟ್ಟಿಗೆಯಿಂದ ಹೊರಗೆ ತೆಗೆದು ಸ್ವಲ್ಪ ಹೊತ್ತು ಇಟ್ಟರೆ ತಣ್ಣಗಾಗುತ್ತಾ ಬಡಿತ ನಿಧಾನವಾಗುತ್ತದೆ, ಒಳಗಿಟ್ಟರೆ ಮತ್ತೆ ಏರುತ್ತದೆ. ಎಷ್ಟು ಸಲ ನೋಡಿದರೂ ನನಗೆ ಬೇಸರ ಬಂದಿಲ್ಲ.

ಆದರೆ ತಟ್ಟೆಯಿಂದ ಎದೆಗೆ ದಾರಿ ದೂರ. ದೊಡ್ಡ ಹೃದಯಾಘಾತದಲ್ಲಿ ಸಾಯುವ ಸ್ನಾಯುಕೋಶಗಳು ನೂರು ಕೋಟಿಯಷ್ಟಿರಬಹುದು. ಹೃದಯ ತಾನಾಗಿ ಅದನ್ನು ತುಂಬಿಕೊಳ್ಳಲಾರದು. ಶೀತಲ ಸಮರದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ ಕಾರ್ಬನ್-14 ಹಿಡಿದು ಸ್ವೀಡನ್ನಿನವರು 2009ರಲ್ಲಿ ಲೆಕ್ಕ ಹಾಕಿದರು: 25ರ ವಯಸ್ಸಿನಲ್ಲಿ ವರ್ಷಕ್ಕೆ ಶೇಕಡಾ 1ರಷ್ಟು ಕೋಶ ಹೊಸದಾಗುತ್ತದೆ, 75ರಲ್ಲಿ ಅರ್ಧಕ್ಕಿಂತ ಕಡಿಮೆ. ಹಾಗಾಗಿ ಹೊರಗಿನಿಂದ ನೂರು ಕೋಟಿ ಕೋಶ ಬೆಳೆಸಿ ಕೊಡಬೇಕು, ಅವು ಅಲ್ಲಿ ನಿಲ್ಲಬೇಕು, ರಕ್ತ ಪಡೆಯಬೇಕು. ಇನ್ನೂ ದೊಡ್ಡ ತೊಡಕು ಲಯದ್ದು. ನಾವು ಬೆಳೆಸುವ ಕೋಶ ಇನ್ನೂ ಮಗು, ಯಾರ ಅಪ್ಪಣೆಯೂ ಇಲ್ಲದೆ ತಾನೇ ಬಡಿಯುತ್ತದೆ. ಅಮೆರಿಕದ ಚಾರ್ಲ್ಸ್ ಮರಿ ತಂಡ 2014ರಲ್ಲಿ ಕೋತಿಗಳ ಹೃದಯಕ್ಕೆ ನೂರು ಕೋಟಿ ಕೋಶ ಹಾಕಿದಾಗ ಸ್ನಾಯು ನಿಜಕ್ಕೂ ಬೆಳೆಯಿತು, ಜೊತೆಗೆ ಲಯ ತಪ್ಪಿತು. ಭಾಗವತರು ಒಂದು ತಾಳ ಹಿಡಿದಿರುವಾಗ ರಂಗಸ್ಥಳದ ಮೂಲೆಯಲ್ಲಿ ಮತ್ತೊಂದು ಚೆಂಡೆ ತನ್ನ ಪಾಡಿಗೆ ಬಾರಿಸತೊಡಗಿದರೆ ಏನಾಗುತ್ತದೋ ಅದೇ.

ಮನುಷ್ಯರಲ್ಲಿ ಎರಡು ಕಡೆ ಕೆಲಸ ಎದ್ದು ಕಾಣುತ್ತದೆ. ಜಪಾನಿನ ಒಸಾಕಾದಲ್ಲಿ ಯೋಶಿಕಿ ಸಾವಾ ತಂಡ ಇಂಥ ಕೋಶಗಳ ತೆಳು ಹಾಳೆಯನ್ನು 2020ರ ಜನವರಿಯಲ್ಲಿ ಮೊದಲ ರೋಗಿಯ ಹೃದಯಕ್ಕೆ ಹೊದಿಸಿತು. ಒಟ್ಟು ಎಂಟು ರೋಗಿಗಳ ಪ್ರಯೋಗ ಮುಗಿಸಿ 2025ರಲ್ಲಿ ಪರವಾನಗಿಗೆ ಅರ್ಜಿ ಹಾಕಿದರು. ಜರ್ಮನಿಯ ಗಟಿಂಗೆನ್‌ನಲ್ಲಿ ವೋಲ್ಫ್ರಾಮ್ ಸಿಮರ್ಮನ್ ತಂಡ ದಪ್ಪನೆಯ ಸ್ನಾಯುತೇಪೆ ಮಾಡುತ್ತದೆ. 46 ವರ್ಷದ ಮಹಿಳೆಯೊಬ್ಬರಿಗೆ 40 ಕೋಟಿ ಕೋಶಗಳ ತೇಪೆ ಹೊಲಿದರು. ಮೂರು ತಿಂಗಳ ನಂತರ ಆಕೆಗೆ ಹೃದಯ ಕಸಿಯಾಯಿತು. ತೆಗೆದ ಹಳೆಯ ಹೃದಯವನ್ನು ಕೊಯ್ದು ನೋಡಿದರೆ ತೇಪೆ ಬದುಕಿತ್ತು, ಅದರೊಳಗೆ ರಕ್ತನಾಳಗಳು ಬಂದಿದ್ದವು. 2025ರ ಜನವರಿಯಲ್ಲಿ ನೇಚರ್‌ನಲ್ಲಿ ಇದು ಪ್ರಕಟವಾಯಿತು. ನನ್ನ ಮಟ್ಟಿಗೆ ಇದು ದೊಡ್ಡ ಸುದ್ದಿ. ಇತರರ ಕೋಶವಾದ್ದರಿಂದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ನುಂಗುತ್ತಲೇ ಇರಬೇಕು ಎಂಬುದನ್ನೂ ಸೇರಿಸಿ ಓದಿ.

ಜಪಾನ್ ಎಂದ ಮಾತ್ರಕ್ಕೆ ಕೈ ಮುಗಿಯಬೇಕಿಲ್ಲ. ತೊಡೆಯ ಸ್ನಾಯುವಿನ ಕೋಶದಿಂದ ಮಾಡಿದ ಹಾರ್ಟ್‌ಶೀಟ್ ಎಂಬುದಕ್ಕೆ ಅಲ್ಲಿ 2015ರಲ್ಲಿ ಷರತ್ತಿನ ಪರವಾನಗಿ ಕೊಟ್ಟಿದ್ದರು. ಪರಿಣಾಮ ಸಾಬೀತಾಗಲಿಲ್ಲವೆಂದು 2024ರಲ್ಲಿ ಅದು ಮಾರುಕಟ್ಟೆಯಿಂದ ಹೋಯಿತು.

ಮೀರಾ ರೋಡ್ ವಾಸಿ

ಸರಿ, ಒಪ್ಪುವಷ್ಟು ಒಪ್ಪುತ್ತೇನೆ. ನಮ್ಮ ದೇಶದಲ್ಲಿ ಕಾನೂನುಬದ್ಧವಾಗಿ ಯಾವ ಸ್ಟೆಮ್ ಸೆಲ್ ಔಷಧವೂ ಇಲ್ಲವೇ? ಬೆಂಗಳೂರಿನ ಕಂಪನಿಯದ್ದು ಒಂದು ಇದೆ ಎಂದು ಓದಿದ ನೆನಪು.

ಪಾಷಾಣ್ ಪ್ರಯೋಗಶಾಲೆ, ಪುಣೆ

ಇದೆ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿಯ ಸ್ಟೆಂಪ್ಯೂಸೆಲ್. ಕಾಲಿನ ರಕ್ತನಾಳ ಕಟ್ಟಿಕೊಂಡು ಕೊಳೆಯುವ ಹಂತದ ರೋಗಕ್ಕೆ, ಆಮೇಲೆ ಮೊಣಕಾಲು ಸವೆತಕ್ಕೆ ಔಷಧ ನಿಯಂತ್ರಕರ ಅನುಮತಿ ಸಿಕ್ಕಿದೆ. ಹೃದಯಕ್ಕಲ್ಲ. ಕಾಲಿಗೆ ಸಿಕ್ಕ ಅನುಮತಿಯನ್ನು ಎದೆಗೆ ತೋರಿಸುವವರಿದ್ದಾರೆ, ಎಚ್ಚರ.

2017ರ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ರಕ್ತರೋಗಗಳ ಕಸಿಯನ್ನೂ ಹೀಗೆ ಅನುಮತಿ ಸಿಕ್ಕ ಔಷಧವನ್ನೂ ಬಿಟ್ಟರೆ ಉಳಿದ ಬಳಕೆಯೆಲ್ಲ ಪ್ರಯೋಗವೇ, ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್ ಒಳಗೇ ಆಗಬೇಕು. ಡೊಂಬಿವಲಿಯವರೇ, ಕ್ಲಿನಿಕ್ಕಿಗೆ ಫೋನ್ ಮಾಡಿ ಸಿಟಿಆರ್‌ಐ ಸಂಖ್ಯೆ ಕೇಳಿ. ಅದು ಟ್ರಯಲ್‌ಗಳ ಸರ್ಕಾರಿ ನೋಂದಣಿ, 2009ರಿಂದ ಕಡ್ಡಾಯ, ಅಂತರ್ಜಾಲದಲ್ಲಿ ಯಾರು ಬೇಕಾದರೂ ಹುಡುಕಬಹುದು. ಸಂಖ್ಯೆ ಇದ್ದ ಮಾತ್ರಕ್ಕೆ ಔಷಧ ಒಳ್ಳೆಯದೆಂದಲ್ಲ. ಆ ಪುಟದಲ್ಲಿ ಯಾವ ರೋಗ, ಯಾವ ಆಸ್ಪತ್ರೆ, ಔಷಧ ನಿಯಂತ್ರಕರ ಅನುಮತಿ ಇದೆಯೇ, ನೈತಿಕ ಸಮಿತಿ ಯಾವುದು ಎಂಬುದನ್ನು ನೋಡಿ. ಜೊತೆಗೆ ವಯಲ್‌ನ ಬ್ಯಾಚ್ ಸಂಖ್ಯೆ ಕೊಡುತ್ತೀರಾ, ಹೆಪ್ಪುಗಟ್ಟಿಸಿಟ್ಟದ್ದನ್ನು ಕರಗಿಸಿದ ಮೇಲೆ ಶೇಕಡಾ ಎಷ್ಟು ಕೋಶ ಜೀವಂತ ಎಂದು ಯಾರು ಎಣಿಸುತ್ತಾರೆ ಎಂದೂ ಕೇಳಿ.

ಡೊಂಬಿವಲಿ ಸೊಸೆ

ಎಲ್ಲರಿಗೂ ವರದಿ ಒಪ್ಪಿಸುತ್ತಿದ್ದೇನೆ. ಸ್ಪೀಕರ್ ಹಾಕಿ ಭಾವನ ಎದುರೇ ಫೋನ್ ಮಾಡಿದೆ. ಸಂಖ್ಯೆ ಮುಖ್ಯ ಕಚೇರಿಯಲ್ಲಿದೆ ಎಂದರು. ಬ್ಯಾಚ್ ಎಂದಾಗ, ಮೇಡಂ ನೀವು ಡಾಕ್ಟರೇ ಎಂದು ಕೇಳಿದರು. ಕೊನೆಗೆ ಈ ವಾರದೊಳಗೆ ಮುಂಗಡ ಕಟ್ಟಿದರೆ ನಲವತ್ತು ಸಾವಿರ ರಿಯಾಯಿತಿ ಎಂದರು. ಭಾವನಿಗೆ ನನ್ನ ಮೇಲೆ ಕೋಪ ಇಳಿದಿಲ್ಲ, ಆದರೆ ಜಾಗದ ದಲ್ಲಾಳಿಗೆ ಸದ್ಯ ಬರಬೇಡಿ ಎಂದು ಅವರೇ ಹೇಳಿದ್ದನ್ನು ಕೇಳಿಸಿಕೊಂಡೆ.

ಹೃದ್ರೋಗ ತಜ್ಞರ ಹತ್ತಿರ ಹೋಗಿ ಬಂದೆವು. ಹೊಸ ಎಕೋದಲ್ಲಿ ಇಎಫ್ 33. ಸ್ಯಾಕುಬಿಟ್ರಿಲ್ ಅರ್ಧ ಮಾತ್ರೆಯಿಂದ ಮತ್ತೆ ಶುರು, ಡಾಪಾಗ್ಲಿಫ್ಲೋಜಿನ್ ಸೇರಿಸಿದ್ದಾರೆ, ರಕ್ತಪರೀಕ್ಷೆ ಮಾಡಿಸಿ ಎರಡು ವಾರಕ್ಕೆ ಬನ್ನಿ ಎಂದಿದ್ದಾರೆ.

ಪಾಲಿಸಿ ಪುರಾಣ, ಮುಲುಂಡ್

ನಲವತ್ತು ಸಾವಿರ ರಿಯಾಯಿತಿಯ ಕ್ಲಿನಿಕಲ್ ಟ್ರಯಲ್! ದೀಪಾವಳಿಗೆ ಒಂದಕ್ಕೆ ಒಂದು ಉಚಿತವೂ ಬರಬಹುದು, ಕಾದು ನೋಡಿ.

ಎಕೋ ಕೋಣೆ, ಠಾಣೆ

33 ಬಂದದ್ದಕ್ಕೆ ಸಂತೋಷಪಡುವ ಮೊದಲು ನಾನು ಮೇಲೆ ಬರೆದದ್ದನ್ನು ಇನ್ನೊಮ್ಮೆ ಓದಿ. ಗೆರೆಯ ಮಾತು ನಮಗೆ ಬೇಕಾದ ಅಂಕಿಗೂ ಅನ್ವಯಿಸುತ್ತದೆ. ಮಾತ್ರೆಗಳು ಪೂರ್ತಿ ಪ್ರಮಾಣಕ್ಕೆ ಏರಿ ಮೂರು ತಿಂಗಳಾದ ಮೇಲೂ 35ರ ಕೆಳಗೇ ಇದ್ದರೆ ಐಸಿಡಿ ಬಗ್ಗೆ ವೈದ್ಯರನ್ನು ನೀವೇ ಕೇಳಿ. ಸಾಧ್ಯವಾದರೆ ಅದೇ ಕಡೆ, ಅದೇ ಯಂತ್ರದಲ್ಲಿ ಎಕೋ ಮಾಡಿಸಿ.

ಡೊಂಬಿವಲಿ ಸೊಸೆ

ಹಾಗೆಯೇ ಮಾಡುತ್ತೇವೆ. ಒಂದು ಸಣ್ಣ ಪ್ರಶ್ನೆ ಉಳಿದಿದೆ, ಬಾಂಬೋಲಿ ಅಕ್ಕನಿಗೆ. ಉಪ್ಪು ಕಡಿಮೆ ಮಾಡಿ ಎಂದಿದ್ದಾರೆ. ಸಾರು, ಪಲ್ಯಕ್ಕೆ ಅತ್ತೆ ಉಪ್ಪು ಹಾಕುವುದನ್ನೇ ನಿಲ್ಲಿಸಿದ್ದಾರೆ. ಅದು ಸಪ್ಪೆ ಎಂದು ಮಾವ ಊರಿನಿಂದ ಬಂದ ಒಣಮೀನಿನ ಚಟ್ನಿ ಮತ್ತು ಮಾವಿನ ಮಿಡಿ ಹಾಕಿಕೊಂಡು ಊಟ ಮಾಡುತ್ತಾರೆ. ಇದು ನಡೆಯುತ್ತದೆಯೇ?

ಬಾಂಬೋಲಿ ಪಾಳಿ, ಗೋವಾ

ನಡೆಯುವುದಿಲ್ಲ! ಒಣಮೀನು, ಮಿಡಿ, ಹಪ್ಪಳ, ಉಪ್ಪಿನಲ್ಲಿಟ್ಟ ಹಲಸಿನ ತೊಳೆ ಎಲ್ಲವೂ ಬಂದ್. ಅದಕ್ಕಿಂತ ಸಾರಿಗೆ ಒಂದು ಚಿಟಿಕೆ ಉಪ್ಪು ಹಾಕಿ, ಹುಳಿ ಮತ್ತು ಕಾಳುಮೆಣಸು ಮುಂದೆ ಮಾಡಿ, ಊಟ ಸೇರುತ್ತದೆ. ಅಂಗಡಿಯಲ್ಲಿ ಕಡಿಮೆ ಸೋಡಿಯಂ ಉಪ್ಪು ಎಂದು ಸಿಗುವುದನ್ನು ಕೇಳದೆ ತರಬೇಡಿ; ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಸ್ಪೈರನೊಲ್ಯಾಕ್ಟೋನ್ ಜೊತೆ ಅಪಾಯ. ಒಂದು ತೂಕದ ಯಂತ್ರ ಕೊಳ್ಳಿ. ದಿನಾ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮೊದಲು ತೂಕ ನೋಡಿ ಕ್ಯಾಲೆಂಡರಿನಲ್ಲೇ ಬರೆದಿಡಿ. ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ, ಪಾದ ಊದಿದರೆ, ಅಥವಾ ರಾತ್ರಿ ಮಲಗಲು ಇನ್ನೊಂದು ದಿಂಬು ಬೇಕೆಂದರೆ ಮುಂದಿನ ಒಪಿಡಿಯ ತನಕ ಕಾಯಬೇಡಿ, ಅಂದೇ ಫೋನ್ ಮಾಡಿ.